ಪುಣೆಯ ಕುಂಡಕ್ಕೆ ಪುಣೆಯದೇ ಪಂಚಾಂಗ

ಊರಿಂದ ಪುಣೆಗೆ ಬರುವ ಕನ್ನಡದವರ ಲಗೇಜಿನಲ್ಲಿ ಹಪ್ಪಳ, ಚಟ್ನಿಪುಡಿಗಳ ಜೊತೆ ಒಂದು ಗಿಡವೂ ಇರುತ್ತದೆ. ಉಡುಪಿ ಕಡೆಯವರದು ಶಂಕರಪುರ ಮಲ್ಲಿಗೆ, ಬೆಂಗಳೂರಿನವರದು ಲಾಲ್‌ಬಾಗ್ ನರ್ಸರಿಯ ಗುಲಾಬಿ, ಧಾರವಾಡದವರದು ಹಿತ್ತಲ ಕರಿಬೇವಿನ ಮರಿ. ಕೋಥ್ರೂಡಿನಲ್ಲೋ ವಾಕಡಿನಲ್ಲೋ ಬಾಲ್ಕನಿಯ ಮೂಲೆಯಲ್ಲಿ ಕುಂಡ ಇಟ್ಟು, ಊರಲ್ಲಿ ಅಮ್ಮ ಮಾಡುತ್ತಿದ್ದ ಹಾಗೆಯೇ ನೀರು ಹಾಕುತ್ತೀರಿ, ಗೊಬ್ಬರ ಹಾಕುತ್ತೀರಿ. ಮೊದಲ ಮಳೆಗಾಲಕ್ಕೆ ಚಿಗುರೆಲೆ ಹಳದಿಯಾಗುತ್ತದೆ. ಡಿಸೆಂಬರ್ ಹೊತ್ತಿಗೆ ಬೆಳವಣಿಗೆ ನಿಲ್ಲುತ್ತದೆ. ಏಪ್ರಿಲ್ ಬಿಸಿಲಿಗೆ ಕಥೆ ಮುಗಿಯುತ್ತದೆ. ‘ಪುಣೆ ಮಣ್ಣೇ ಸರಿಯಿಲ್ಲ’ ಎಂದು ಷರಾ ಬರೆದು ಮುಂದಿನ ಸಲ ಊರಿಗೆ ಹೋದಾಗ ಇನ್ನೊಂದು ಗಿಡ ತರುತ್ತೀರಿ.

ಮಣ್ಣಿನ ಪಾಲು ಇದೆ, ಇಲ್ಲವೆನ್ನಲಾಗದು. ಆದರೆ ದೊಡ್ಡ ಪಾಲು ಗಿಡದ ಜೊತೆಗೇ ಬಂದ ಊರಿನ ಪಂಚಾಂಗದ್ದು. ಈ ಊರಿನ ಪಂಚಾಂಗ ಬೇರೆ. ಅದನ್ನು ತಿಳಿಯಲು ಅತ್ಯಂತ ಸುಲಭದ ಜಾಗವೆಂದರೆ ಇಲ್ಲಿನ ಸಾರ್ವಜನಿಕ ಸಸ್ಯೋದ್ಯಾನಗಳು.

ಏನು ಬೇರೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಪುಣೆ ಸುಮಾರು 560ರಲ್ಲಿ. ಬೆಂಗಳೂರಿಗೆ ಏಪ್ರಿಲ್-ಮೇ ತಿಂಗಳಲ್ಲೇ ಗುಡುಗಿನ ಮಳೆ ಬಂದು ಬೇಸಗೆಯನ್ನು ಮುರಿಯುತ್ತದೆ, ಅಕ್ಟೋಬರ್‌ನಲ್ಲೂ ಧಾರಾಳ ಸುರಿಯುತ್ತದೆ. ಪುಣೆ ಸಹ್ಯಾದ್ರಿಯ ಬೆನ್ನ ಹಿಂದಿನ ಮಳೆನೆರಳಿನ ಊರು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಹೋಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಒಣ ಉರಿ. ಮಧ್ಯಾಹ್ನದ ಗಾಳಿಯಲ್ಲಿ ತೇವವೆಂಬುದೇ ಇರುವುದಿಲ್ಲ. ಕರಾವಳಿಯ ಗಿಡಕ್ಕೆ ಬಿಸಿಲಿಗಿಂತ ಈ ಒಣಗಾಳಿಯೇ ಹೆಚ್ಚು ಕಷ್ಟ ಕೊಡುತ್ತದೆ. ಇನ್ನು ಚಳಿಗಾಲದ ರಾತ್ರಿಗಳಲ್ಲಿ ಪಾದರಸ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ವಿಜಯಪುರ, ಬೆಳಗಾವಿ ಕಡೆಯವರಿಗೆ ಇದರಲ್ಲಿ ಹೊಸತೇನೂ ಇಲ್ಲ. ತೊಂದರೆ ಪಡುವವರು ದಕ್ಷಿಣದವರು ಮತ್ತು ಕರಾವಳಿಯವರು.

ಎಲ್ಲಿಗೆ ಹೋಗಬೇಕು?

ರೇಸ್‌ಕೋರ್ಸ್ ಹತ್ತಿರದ ಎಂಪ್ರೆಸ್ ಗಾರ್ಡನ್ ಮೊದಲ ಆಯ್ಕೆ. ಸುಮಾರು 39 ಎಕರೆ ಜಾಗ, ನೋಡಿಕೊಳ್ಳುವುದು 1830ರಷ್ಟು ಹಳೆಯದಾದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ ಆಫ್ ವೆಸ್ಟರ್ನ್ ಇಂಡಿಯಾ. ಹಳೆಯ ಮರಗಳು, ಅವುಗಳ ಮೇಲೆ ಹಬ್ಬಿ ತಾವೇ ಮರದಷ್ಟು ದಪ್ಪವಾದ ಮಹಾಬಳ್ಳಿಗಳು, ಗಣರಾಜ್ಯೋತ್ಸವದ ಹೊತ್ತಿನ ಫಲಪುಷ್ಪ ಪ್ರದರ್ಶನ, ಎಲ್ಲ ಒಂದೇ ಕಡೆ. ಎರಡನೆಯದು 1873ರಲ್ಲಿ ಆರಂಭವಾದ ಗಣೇಶಖಿಂಡ್ ತೋಟ. ಜಾರ್ಜ್ ಮಾರ್ಷಲ್ ವುಡ್ರೋ ಎಂಬ ಸಸ್ಯಶಾಸ್ತ್ರಜ್ಞ ಈ ತೋಟ ನೋಡಿಕೊಳ್ಳುತ್ತ, ಭಾರತದಲ್ಲಿ ತೋಟಗಾರಿಕೆ ಮಾಡುವವರಿಗಾಗಿ ಪುಸ್ತಕವನ್ನೇ ಬರೆದ. ಇಂದು ಹಣ್ಣಿನ ಪ್ರಯೋಗ ಕೇಂದ್ರವಾಗಿರುವ ಇದನ್ನು ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಮಾವು, ಪೇರಲ, ಹಲಸುಗಳ ವಿಷಯಕ್ಕೆ ಇಲ್ಲಿಗೇ ಹೋಗಬೇಕು. ಕೋರೆಗಾಂವ್ ರಸ್ತೆಯ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ಕೇಂದ್ರದಲ್ಲೂ ಸಂಗ್ರಹವಿದೆ. ಅದು ಸರ್ಕಾರಿ ಕಚೇರಿಯಾದ್ದರಿಂದ ಮೊದಲೇ ವಿಚಾರಿಸಿ ಹೋಗಿ.

ನೋಡುವುದು ಹೇಗೆ?

ಉದ್ಯಾನಕ್ಕೆ ಹೋದವರಲ್ಲಿ ಹೆಚ್ಚಿನವರು ಹೂವಿನ ಮುಂದೆ ನಿಂತು ಫೋಟೋ ತೆಗೆದುಕೊಂಡು ಬರುತ್ತಾರೆ. ಹೂವು ವರ್ಷದ ಕೆಲವೇ ವಾರದ್ದು. ನಿಮಗೆ ಬೇಕಾದ ಮಾಹಿತಿ ಉಳಿದ ತಿಂಗಳುಗಳಲ್ಲಿ, ಎಲೆ, ತೊಗಟೆ ಮತ್ತು ಗಿಡ ನಿಂತಿರುವ ಜಾಗದಲ್ಲಿ ಇರುತ್ತದೆ.

1. ಫಲಕದಲ್ಲಿ ಮೂಲಸ್ಥಾನ ಬರೆದಿದ್ದರೆ ಅದನ್ನು ಮೊದಲು ಓದಿ, ಇಲ್ಲದಿದ್ದರೆ ಹೆಸರು ಹಿಡಿದು ಹುಡುಕಿ. ಗಿಡ ಎಲ್ಲಿಯದು ಎನ್ನುವುದರಲ್ಲಿ ಅದರ ನೀರಿನ ಲೆಕ್ಕ ಅಡಗಿದೆ. ಅಡೀನಿಯಂ ಆಫ್ರಿಕಾ ಮತ್ತು ಅರೇಬಿಯಾದ ಒಣಪ್ರದೇಶದ್ದು. ಪುಣೆಯ ಮೇ ತಿಂಗಳು ಅದಕ್ಕೆ ಹಬ್ಬ, ಆದರೆ ಜುಲೈನ ಜಿಟಿಜಿಟಿ ಮಳೆಗೆ ಬುಡ ಕೊಳೆಯುತ್ತದೆ. ನಾಗಲಿಂಗ ಪುಷ್ಪದ ಮರವನ್ನು ದೇವಸ್ಥಾನದ ಅಂಗಳದಲ್ಲಿ ನೋಡಿ ನೋಡಿ ನಮ್ಮದೇ ಅಂದುಕೊಂಡಿದ್ದೇವೆ. ಅದು ದಕ್ಷಿಣ ಅಮೆರಿಕದ ಮಳೆಕಾಡಿನಿಂದ ಬಂದದ್ದು.

2. ಗಿಡ ಯಾರ ನೆರಳಲ್ಲಿ ನಿಂತಿದೆ ನೋಡಿ. ಸೀತಾ ಅಶೋಕ ಪಶ್ಚಿಮ ಘಟ್ಟದ ತೊರೆಬದಿಯ ಮರ, ದೊಡ್ಡ ಮರಗಳ ನೆರಳಲ್ಲಿ ಚೆನ್ನಾಗಿ ಬರುತ್ತದೆ. ಅದನ್ನು ಹತ್ತನೇ ಮಹಡಿಯ ಪಡುವಣ ಬಾಲ್ಕನಿಯಲ್ಲಿಟ್ಟರೆ ಎಲೆಯಂಚು ಸುಟ್ಟು ಕಂದಾಗುತ್ತದೆ.

3. ಗುರುತು ಹಿಡಿಯಲು ಎಲೆಯಿಂದ ಶುರುಮಾಡಿ. ಎಲೆಗಳು ಎದುರುಬದುರಾಗಿವೆಯೋ, ಒಂದಾದ ಮೇಲೊಂದು ಬಂದಿವೆಯೋ, ವೃತ್ತವಾಗಿ ಸುತ್ತಿವೆಯೋ? ಕಣ್ಣಿಗೆ ಕಾಣುತ್ತಿರುವುದು ಒಂದೇ ಎಲೆಯೋ, ಹಲವು ಕಿರುಎಲೆ ಸೇರಿದ ಸಂಯುಕ್ತ ಎಲೆಯೋ? ಇದಕ್ಕೊಂದು ಉಪಾಯವಿದೆ: ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಪುಟ್ಟ ಮೊಗ್ಗು ಹುಡುಕಿ. ಮೊಗ್ಗು ಇರುವಲ್ಲಿ ನಿಜವಾದ ಎಲೆ ಶುರು. ಕಿರುಎಲೆಯ ಬುಡದಲ್ಲಿ ಮೊಗ್ಗಿರುವುದಿಲ್ಲ.

4. ಮಧ್ಯಾಹ್ನ ಒಮ್ಮೆ ಹೋಗಿ. ಬೆಳಿಗ್ಗೆ ಎಲ್ಲ ಗಿಡವೂ ನಗುತ್ತಿರುತ್ತದೆ. ಮೇ ತಿಂಗಳ ಮೂರು ಗಂಟೆಗೆ ಯಾವುದು ಎಲೆ ಜೋತುಹಾಕಿದೆ, ಯಾವುದು ನೆಟ್ಟಗಿದೆ ಎಂದು ಬರೆದುಕೊಳ್ಳಿ. ನಿಮ್ಮ ಬಾಲ್ಕನಿಗೆ ಬೇಕಾದ ಪಟ್ಟಿ ಅಲ್ಲೇ ತಯಾರಾಗುತ್ತದೆ.

5. ಫೋನಿನ ಆ್ಯಪ್ ಬಳಸಿ, ಪೂರ್ತಿ ನಂಬಬೇಡಿ. ಎಲೆಯ ಮೇಲ್ಭಾಗ, ಕೆಳಭಾಗ, ಕೊಂಬೆಯ ಮೇಲಿನ ಜೋಡಣೆ, ತೊಗಟೆ, ಸಿಕ್ಕರೆ ಹೂ-ಕಾಯಿ, ಹೀಗೆ ಬೇರೆಬೇರೆ ಫೋಟೋ ಕೊಟ್ಟರೆ ಐನ್ಯಾಚುರಲಿಸ್ಟ್‌ನಂಥವು ಸರಿಯ ಹತ್ತಿರ ಬರುತ್ತವೆ. ಒಂದೇ ಹೂವಿನ ಫೋಟೋ ಕೊಟ್ಟರೆ ಊಹೆ ಮಾಡುತ್ತವೆ. ಬಂದ ಉತ್ತರವನ್ನು ಉದ್ಯಾನದ ಫಲಕದ ಜೊತೆ ತಾಳೆ ನೋಡಿ. ಫಲಕವೇ ಪಕ್ಕದ ಮರಕ್ಕೆ ಜಾರಿರುವುದೂ ಉಂಟು!

ಅಶೋಕದ ಉದಾಹರಣೆಯನ್ನೇ ಮುಂದುವರಿಸೋಣ. ಹೌಸಿಂಗ್ ಸೊಸೈಟಿಗಳ ಕಾಂಪೌಂಡಿನುದ್ದಕ್ಕೂ ಕಂಬದ ಹಾಗೆ ಸಾಲುನಿಂತ ಮರಗಳನ್ನು ಎಲ್ಲರೂ ಅಶೋಕ ಎನ್ನುತ್ತಾರೆ. ಅದರ ಎಲೆ ಒಂಟಿ, ಉದ್ದ, ಅಂಚು ಅಲೆಅಲೆ. ಹೂವು ಹಸಿರು, ಕಣ್ಣಿಗೇ ಬೀಳುವುದಿಲ್ಲ. ನಿಜವಾದ ಸೀತಾ ಅಶೋಕದ ಎಲೆ ಸಂಯುಕ್ತ, ಒಂದು ತೊಟ್ಟಿಗೆ ನಾಲ್ಕಾರು ಜೋಡಿ ಕಿರುಎಲೆ. ಚಿಗುರು ಬಂದಾಗ ಇಡೀ ಗೊಂಚಲು ತಾಮ್ರದ ಬಣ್ಣದಲ್ಲಿ, ಒಗೆದು ಹಿಂಡಿ ತಂತಿಗೆ ಹಾಕಿದ ಬಟ್ಟೆಯಂತೆ ಜೋತುಬಿದ್ದಿರುತ್ತದೆ. ಮುಟ್ಟಿದರೆ ಮೆತ್ತಗೆ, ಜೀವವಿಲ್ಲವೇನೋ ಅನ್ನಿಸುವಷ್ಟು. ದಿನ ಕಳೆದಂತೆ ಹಸಿರೇರಿ ಗಟ್ಟಿಯಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಕಿತ್ತಳೆ-ಕೆಂಪು ಹೂಗೊಂಚಲು ತುದಿಗಷ್ಟೇ ಅಲ್ಲದೆ ಹಳೆಯ ಕೊಂಬೆಗೂ ನೇರವಾಗಿ ಅಂಟಿಕೊಂಡು ಬರುತ್ತದೆ. ಎರಡನ್ನೂ ಒಂದೇ ದಿನ ನೋಡಿದರೆ ಮತ್ತೆಂದೂ ಗೊಂದಲವಾಗದು.

ಇನ್ನೊಂದು ಜೋಡಿ ದಸರೆಯದು. ನಮ್ಮಲ್ಲಿ ಬನ್ನಿ ಕೊಡುವ ಹಾಗೆ ಇಲ್ಲಿ ‘ಸೋನೆ’ (ಚಿನ್ನ) ಎಂದು ಆಪ್ಟಾ ಎಲೆ ಹಂಚುತ್ತಾರೆ. ಮಾರುಕಟ್ಟೆಗೆ ಬರುವ ರಾಶಿಯಲ್ಲಿ ಅದರ ದಾಯಾದಿ ಕಾಂಚನದ ಎಲೆಯೂ ಬೆರೆತಿರುತ್ತದೆ. ಆಪ್ಟಾ ಎಲೆ ಚಿಕ್ಕದು, ಉದ್ದಕ್ಕಿಂತ ಅಗಲ ಹೆಚ್ಚು, ಒರಟು. ಕಾಂಚನದ್ದು ಅಂಗೈಯಗಲ, ನಯ. ಎರಡೂ ಸೀಳಿದ ಎಲೆಗಳೇ. ಹಬ್ಬದ ನೆಪದಲ್ಲಿ ಇವುಗಳ ಕೊಂಬೆ ತರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಒಂದು ಎಲೆ ಕೊಟ್ಟರೂ ಶಾಸ್ತ್ರ ಆಗುತ್ತದೆ.

ಋತು ನೋಡಿ ಕೆಲಸ

ಮಳೆಗಾಲ (ಜೂನ್-ಸೆಪ್ಟೆಂಬರ್). ಮೊದಲ ಮಳೆಗೇ ಗಿಡ ನೆಡಲು ಓಡಬೇಡಿ. ಮೃಗಶಿರ ಕೈಕೊಡುವುದು ಇಲ್ಲಿ ಸಾಮಾನ್ಯ. ಆರಿದ್ರಾ ಹಿಡಿದು ನೆಲ ಒಂದು ಗೇಣಾದರೂ ನೆಂದ ಮೇಲೆ ನೆಟ್ಟರೆ ಬೇರಿಗೆ ಮುಂದಿನ ಮೂರು ತಿಂಗಳ ತೇವ ಸಿಗುತ್ತದೆ. ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬಿಡಿಸುವ ಗುಟಿ ಕಸಿಗೂ ಇದೇ ಹೊತ್ತು. ಎಲೆಗಳಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕ ಬೇರಿಗಿಳಿಯುತ್ತದೆ. ತೊಗಟೆಯನ್ನು ಬಳೆಯಾಕಾರದಲ್ಲಿ ತೆಗೆದರೆ ಆಹಾರ ಮತ್ತು ಬೇರು ಬಿಡಿಸುವ ಚೋದಕ ಗಾಯದ ಮೇಲ್ಗಡೆ ನಿಂತುಬಿಡುತ್ತವೆ. ಅಲ್ಲಿ ತೇವವೂ ಕತ್ತಲೂ ಸಿಕ್ಕರೆ ಬೇರೊಡೆಯುತ್ತದೆ. ಮಾಡುವುದು ಹೀಗೆ:

1. ನಿಂಬೆ, ದಾಳಿಂಬೆ, ಪೇರಲ ಅಥವಾ ಕ್ರೋಟನ್‌ನಲ್ಲಿ ಪೆನ್ಸಿಲ್ ದಪ್ಪದ ಆರೋಗ್ಯವಂತ ಕೊಂಬೆ ಆರಿಸಿ.
2. ಎರಡೂವರೆ-ಮೂರು ಸೆಂಟಿಮೀಟರ್ ಅಗಲಕ್ಕೆ ತೊಗಟೆಯನ್ನು ಸುತ್ತಲೂ ತೆಗೆಯಿರಿ. ಒಳಗಿನ ಜಾರುವ ಹಸಿರು ಪೊರೆಯನ್ನು ಚಾಕುವಿನಿಂದ ಪೂರ್ತಿ ಕೆರೆಯಿರಿ. ಪೊರೆ ಉಳಿದರೆ ತೊಗಟೆ ಮತ್ತೆ ಕೂಡಿಕೊಂಡು ಬೇರು ಬರುವುದಿಲ್ಲ.
3. ನೆನೆಸಿ ಹಿಂಡಿದ ಪಾಚಿ ಅಥವಾ ಕೊಕೊಪೀಟ್ ಒಂದು ಹಿಡಿ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ತುದಿ ಬಿಗಿಯಾಗಿ ಕಟ್ಟಿ.
4. ನಾಲ್ಕರಿಂದ ಆರು ವಾರದಲ್ಲಿ ಹಾಳೆಯೊಳಗೆ ಬಿಳಿ ಬೇರು ಕಾಣುತ್ತದೆ. ಅವು ಕಂದುಬಣ್ಣಕ್ಕೆ ತಿರುಗಿ ಕವಲೊಡೆದ ಮೇಲೆ ಕೆಳಗಡೆ ಕತ್ತರಿಸಿ, ಅರ್ಧ ಎಲೆ ಕಡಿಮೆ ಮಾಡಿ, ಕುಂಡದಲ್ಲಿ ನೆಟ್ಟು ನೆರಳಲ್ಲಿಡಿ.

ಇದೇ ತಿಂಗಳುಗಳಲ್ಲಿ ಕುಂಡದಡಿಯ ತಟ್ಟೆ ಎತ್ತಿಡಿ. ಅದರಲ್ಲಿ ನೀರು ನಿಂತರೆ ಬೇರೂ ಉಸಿರುಗಟ್ಟುತ್ತದೆ, ಡೆಂಗಿ ಸೊಳ್ಳೆಗೂ ಅದೇ ತೊಟ್ಟಿಲು.

ಅಕ್ಟೋಬರ್. ಪುಣೆಯ ತೋಟಗಾರನಿಗೆ ಇದಕ್ಕಿಂತ ಮುಖ್ಯ ತಿಂಗಳಿಲ್ಲ, ಹೊಸಬರು ಸುಮ್ಮನೆ ಕಳೆದುಬಿಡುವುದೂ ಇದನ್ನೇ. ಮಳೆ ನಿಂತು ಬಿಸಿಲು ಮತ್ತೆ ಏರುತ್ತದೆ, ಆದರೆ ಮುಂದೆ ನಾಲ್ಕು ತಿಂಗಳು ಒಣ, ತಂಪು ಹವೆ ಕಾದಿರುತ್ತದೆ. ಪೆಟೂನಿಯಾ, ಫ್ಲಾಕ್ಸ್, ಕ್ಯಾಲೆಂಡುಲಾ, ಡಯಾಂಥಸ್ ಬೀಜಗಳನ್ನು ಹಸ್ತ-ಚಿತ್ತೆ ಮಳೆಗಳ ಹೊತ್ತಿಗೆ ತಟ್ಟೆಯಲ್ಲಿ ಬಿತ್ತಿದರೆ ನವೆಂಬರ್‌ನಲ್ಲಿ ಸಸಿ, ಡಿಸೆಂಬರ್ ಕೊನೆಯಿಂದ ಹೂವು. ಬೀಜದ ಎರಡು ಪಟ್ಟು ಆಳ ಸಾಕು. ಪೆಟೂನಿಯಾದ್ದು ಧೂಳಿನಂಥ ಬೀಜ, ಮೇಲೆ ಉದುರಿಸಿ ಬಿಡಿ, ಮಣ್ಣು ಮುಚ್ಚಬೇಡಿ. ಮೆಂತ್ಯ, ಕೊತ್ತಂಬರಿ, ಟೊಮೇಟೊ, ಹೂಕೋಸಿಗೂ ಇದೇ ಕಾಲ. ಗುಲಾಬಿ ಸವರುವುದೂ ಮಳೆ ಪೂರ್ತಿ ನಿಂತ ಮೇಲೆ, ಅಕ್ಟೋಬರ್ ಮಧ್ಯದಿಂದ. ಸವರಿದ ಆರೆಂಟು ವಾರಕ್ಕೆ ಹೂ ಬರುತ್ತದೆ ಎಂಬ ಲೆಕ್ಕ ಇಟ್ಟುಕೊಂಡರೆ ನಿಮಗೆ ಬೇಕಾದ ದಿನಕ್ಕೆ ಹೂ ತರಿಸಬಹುದು. ಜನವರಿಯ ಪ್ರದರ್ಶನದಲ್ಲಿ ಎಲ್ಲ ಗುಲಾಬಿಯೂ ಒಟ್ಟಿಗೆ ಅರಳಿ ನಿಂತಿರುವುದರ ಹಿಂದೆ ಇದೇ ಎಣಿಕೆ ಇದೆ.

ಅಕ್ಟೋಬರ್-ನವೆಂಬರ್‌ನಲ್ಲಿ ಉದ್ಯಾನಕ್ಕೆ ಹೋದರೆ ತಲೆಯೆತ್ತಿ ನೋಡಿ. ಒಂದೊಂದು ಗೆಣ್ಣಿಗೆ ಆರೇಳು ಎಲೆ ಸುತ್ತಿಕೊಂಡಿರುವ, ಗೀರಿದರೆ ಹಾಲು ಸುರಿಸುವ ಮದ್ದಾಲೆ ಆಗ ಹೂಬಿಟ್ಟು ಬೀದಿಗೆಲ್ಲ ವಾಸನೆ ಹರಡಿರುತ್ತದೆ. ಕೆಲವರಿಗೆ ಅದು ಪರಿಮಳ, ನನಗೆ ತಲೆನೋವು. ಆಕಾಶಮಲ್ಲಿಗೆಯೂ ಅದೇ ಕಾಲದ್ದು. ಉದ್ದ ನಳಿಕೆಯ ಬಿಳಿ ಹೂ ರಾತ್ರಿ ಅರಳಿ ಬೆಳಿಗ್ಗೆ ನೆಲದ ಮೇಲಿರುತ್ತದೆ.

ಚಳಿಗಾಲ. ಕರಿಬೇವು, ವೀಳ್ಯದೆಲೆ, ಕರಾವಳಿಯ ಗಿಡಗಳು ಡಿಸೆಂಬರ್‌ನಲ್ಲಿ ನಿದ್ದೆಗೆ ಜಾರುತ್ತವೆ, ಕರಿಬೇವು ಎಲೆಯನ್ನೂ ಉದುರಿಸುತ್ತದೆ. ಗಾಬರಿಯಾಗಿ ನೀರು-ಗೊಬ್ಬರ ಸುರಿಯಬೇಡಿ. ಬೇರು ಕೆಲಸ ಮಾಡದಿರುವಾಗ ಹಾಕಿದ ನೀರು ಕೊಳೆಸುವುದಕ್ಕಷ್ಟೇ ಉಪಯೋಗ. ಮಣ್ಣು ಒಂದು ಬೆರಳಾಳ ಒಣಗಿದ ಮೇಲೆ ಕೊಡಿ, ಫೆಬ್ರವರಿಯವರೆಗೆ ಗೊಬ್ಬರ ನಿಲ್ಲಿಸಿ. ದುಂಡುಮಲ್ಲಿಗೆಗೆ ಈ ನಿದ್ದೆಯೇ ಲಾಭ. ಅದು ಹೊಸ ಚಿಗುರಿನ ತುದಿಯಲ್ಲಿ ಹೂಬಿಡುತ್ತದೆ, ಹಾಗಾಗಿ ಚಿಗುರು ಹೆಚ್ಚಿದಷ್ಟೂ ಹೂ ಹೆಚ್ಚು. ಡಿಸೆಂಬರ್ ಕೊನೆಗೆ ನೀರು ತಗ್ಗಿಸಿ, ಜನವರಿಯಲ್ಲಿ ಗಿಡದ ಮೂರನೇ ಒಂದು ಭಾಗ ಸವರಿ, ಫೆಬ್ರವರಿಯಲ್ಲಿ ಎರೆಗೊಬ್ಬರ ಕೊಟ್ಟು ನೀರು ಶುರುಮಾಡಿ. ಮಾರ್ಚ್ ಕೊನೆಯಿಂದ ಮೊಗ್ಗು.

ಬೇಸಗೆ. ಉಳಿಸಿಕೊಳ್ಳುವ ಕಾಲ, ಬೆಳೆಸುವ ಕಾಲವಲ್ಲ. ಕುಂಡ ಬದಲಿಸಬೇಡಿ, ರಾಸಾಯನಿಕ ಗೊಬ್ಬರ ಮುಟ್ಟಬೇಡಿ. ಒಣ ಎಲೆ, ಕಬ್ಬಿನ ರವದಿ, ತೆಂಗಿನ ನಾರು, ಏನು ಸಿಕ್ಕಿದರೂ ಎರಡು ಇಂಚು ಹೊದಿಸಿ. ಪಡುವಣ ಬಿಸಿಲಿಗೆ ಶೇಕಡಾ ಐವತ್ತರ ನೆರಳಿನ ಬಲೆ ಸಾಕು. ಗಿಡಗಳನ್ನು ಗುಂಪಾಗಿಡಿ, ಒಂದರ ಎಲೆಯಿಂದ ಹೊರಟ ತೇವ ಇನ್ನೊಂದಕ್ಕೆ ಆಗುತ್ತದೆ. ಬೋಗನ್‌ವಿಲ್ಲಾಕ್ಕೆ ಮಾತ್ರ ಕರುಣೆ ತೋರಬೇಡಿ. ನೀರು ಕಡಿಮೆಯಾದಾಗಲೇ ಅದು ಹೂವಿನ ಕಡೆ ತಿರುಗುತ್ತದೆ. ಪುಣೆಯ ರಸ್ತೆ ವಿಭಜಕಗಳಲ್ಲಿ ಅದು ಉರಿಬಿಸಿಲಲ್ಲಿ ಹಾಗೆ ಮೆರೆಯುವುದು ಅದಕ್ಕೇ.

ಮಣ್ಣಿನ ವಿಷಯ

ಪುಣೆಯ ನೆಲ ಬಸಾಲ್ಟ್ ಬಂಡೆಯಿಂದಾದ ಎರೆ. ಇದರ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕುಬಿಡುತ್ತವೆ. ಹೊಲದಲ್ಲಿ ಅದು ವರ. ಜೋಳ ಆ ತೇವದ ಮೇಲೇ ಬೆಳೆಯುತ್ತದೆ. ಕುಂಡದೊಳಗೆ ಮಳೆಗಾಲದಲ್ಲಿ ಗಾಳಿಯಾಡದು, ಬೇಸಗೆಯಲ್ಲಿ ಅಂಚು ಬಿಟ್ಟು ನೀರೆಲ್ಲ ಗೋಡೆಗುಂಟ ಹರಿದುಹೋಗುತ್ತದೆ. ಜೊತೆಗೆ ಕ್ಷಾರದ ಅಂಶ ಹೆಚ್ಚು. ಮಣ್ಣಲ್ಲಿ ಕಬ್ಬಿಣ ಇದ್ದರೂ ಅಂಥಲ್ಲಿ ಬೇರಿಗೆ ಸಿಗುವುದಿಲ್ಲ. ಕೇಪಳ, ಗಂಧರಾಜ, ಮಲ್ಲಿಗೆಗಳಲ್ಲಿ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಾರಣ ಇದು. ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆಯೋ ಹೆಚ್ಚಿದ ನೀರೋ ಇರಬಹುದು. ಎರಡನ್ನೂ ಕಲಸಬೇಡಿ.

ಮಣ್ಣು ಪರೀಕ್ಷಿಸುವುದು ಸುಲಭ. ಒದ್ದೆ ಮಣ್ಣನ್ನು ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಹೊರಬಿಡಿ. ಎರಡು ಇಂಚು ಉದ್ದವಾದರೂ ತುಂಡಾಗದಿದ್ದರೆ ಜೇಡಿ ಜಾಸ್ತಿ. ಆಗ ಈ ಮಿಶ್ರಣ ಮಾಡಿ: ಎರಡು ಪಾಲು ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ತೊಳೆದ ಕೊಕೊಪೀಟ್ ಅಥವಾ ಭತ್ತದ ಹೊಟ್ಟು, ಒಂದು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ನುರಿ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಎಲೆ ಹಳದಿಗೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು-ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕಾಗದ ಹಾಸಿಕೊಳ್ಳಿ.

ಎಚ್ಚರಿಕೆಗಳು

ಉದ್ಯಾನದಿಂದ ಕಡ್ಡಿ, ಬೀಜ ಕಿತ್ತು ತರಬೇಡಿ. ಬೇಕಿದ್ದರೆ ಅಲ್ಲಿನ ನರ್ಸರಿಯನ್ನೋ ಮಾಲಿಯನ್ನೋ ಕೇಳಿ. ಕಣಗಿಲೆ, ಅಡೀನಿಯಂ, ಡೈಫೆನ್‌ಬಾಕಿಯಾಗಳು ವಿಷದವು, ಮಗು-ನಾಯಿ ಇರುವ ಮನೆಯಲ್ಲಿ ಎತ್ತರದಲ್ಲಿಡಿ. ಹನ್ನೆರಡು ಇಂಚಿನ ಕುಂಡ ನೆಂದಾಗ 20 ಕಿಲೋ ದಾಟುತ್ತದೆ. ಬಾಲ್ಕನಿಯ ಕಟಕಟೆಯ ಮೇಲೆ ಇಡುವ ಮೊದಲು ಕೆಳಗೆ ಯಾರು ಓಡಾಡುತ್ತಾರೆ ನೋಡಿಕೊಳ್ಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕುಂಡದ ತಳಕ್ಕೆ ಜಲ್ಲಿ ಹಾಸುವುದು. ನೀರು ಬೇಗ ಬಸಿಯಲೆಂದು ಎಲ್ಲರೂ ಹೇಳುವ ಸಲಹೆ ಇದು, ಆದರೆ ಆಗುವುದು ಉಲ್ಟಾ. ಸಣ್ಣ ರಂಧ್ರದ ಮಣ್ಣು ಪೂರ್ತಿ ನೆನೆಯುವವರೆಗೆ ನೀರನ್ನು ದೊಡ್ಡ ರಂಧ್ರದ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಕೆಸರಿನ ಪದರ ಬೇರಿನ ಹತ್ತಿರಕ್ಕೇ ಏರುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಕೊಳವೆಬಾವಿ, ಟ್ಯಾಂಕರ್ ನೀರನ್ನು ಚೂರುಚೂರೇ ಹಾಕುವುದು. ಕುಂಡದಂಚಿಗೆ ಬಿಳಿ ಪುಡಿ ಕಟ್ಟಿದ್ದರೆ ಅದು ನೀರಿನ ಉಪ್ಪು. ತಿಂಗಳಿಗೊಮ್ಮೆ ತಳದಿಂದ ಧಾರಾಳ ಹರಿದುಹೋಗುವಷ್ಟು ನೀರು ಕೊಟ್ಟು ತೊಳೆಯಿರಿ. ಮಳೆಗಾಲ ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ, ಕುಂಡವನ್ನು ಒಮ್ಮೆ ಮಳೆಗೆ ಇಡಿ.

ಪ್ರದರ್ಶನದಲ್ಲಿ ಪೂರ್ತಿ ಅರಳಿದ ಗಿಡ ಕೊಳ್ಳುವುದು. ಅವು ಪಾಲಿಹೌಸಿನ ಹದದಲ್ಲಿ ಬೆಳೆದವು. ಮೊಗ್ಗು ಹೆಚ್ಚಿರುವುದನ್ನು ಆರಿಸಿ, ಕುಂಡದ ತೂತಿನಿಂದ ಬೇರು ಸುರುಳಿ ಸುತ್ತಿ ಹೊರಬಂದಿದ್ದರೆ ಬಿಡಿ, ಎಲೆಯ ಅಡಿಯಲ್ಲಿ ಬಿಳಿ ಹಿಟ್ಟುತಿಗಣೆ ಇದೆಯೇ ನೋಡಿ. ಮನೆಗೆ ತಂದ ಮೇಲೆ ಎರಡು ವಾರ ಉಳಿದ ಗಿಡಗಳಿಂದ ದೂರ, ಅರೆನೆರಳಲ್ಲಿಟ್ಟು ಆಮೇಲೆ ಕುಂಡ ಬದಲಿಸಿ. ಹೈಡ್ರೇಂಜಿಯಾದಂಥ ತಂಪು ನಾಡಿನ ಗಿಡವನ್ನು ಹೂಗುಚ್ಛದಂತೆ ಭಾವಿಸಿ ಕೊಳ್ಳಿ. ಮಾರ್ಚ್ ದಾಟಿಸುವ ಹಟ ಬೇಡ.

ಸೇವಂತಿಗೆಯನ್ನು ದೀಪದಡಿ ಇಡುವುದು. ರಾತ್ರಿ ಉದ್ದವಾಗುವುದನ್ನು ಗಮನಿಸಿ ಮೊಗ್ಗು ಕಟ್ಟುವ ಗಿಡ ಅದು. ಬಾಲ್ಕನಿಯ ಬಲ್ಬು, ಎದುರಿನ ಬೀದಿದೀಪ ರಾತ್ರಿಯಿಡೀ ಉರಿಯುತ್ತಿದ್ದರೆ ಅದಕ್ಕೆ ಬೇಸಗೆ ಮುಗಿದದ್ದೇ ಗೊತ್ತಾಗದೆ ಬರೀ ಎಲೆ ಬಿಡುತ್ತಿರುತ್ತದೆ. ಪಾಯಿನ್‌ಸೆಟ್ಟಿಯಾದ ಕೆಂಪೂ ಹೀಗೆಯೇ ತಪ್ಪಿಹೋಗುತ್ತದೆ. ಸೆಪ್ಟೆಂಬರ್ ಮಧ್ಯದಿಂದ ಎರಡನ್ನೂ ಕತ್ತಲಿರುವ ಮೂಲೆಗೆ ಸರಿಸಿ, ಅಥವಾ ಸಂಜೆ ಆರಕ್ಕೆ ಮೇಲೊಂದು ರಟ್ಟಿನ ಡಬ್ಬ ಮುಚ್ಚಿ, ಬೆಳಿಗ್ಗೆ ತೆಗೆಯಿರಿ. ಮೊಗ್ಗಿನ ಬಣ್ಣ ಕಂಡ ಮೇಲೆ ಡಬ್ಬ ಬೇಕಿಲ್ಲ.